ನಾದಿನಿಗೆ ನಾನು ಮಾಡಿದ ಒಮುಗ್ವೊ

ಬಾಣಂತಿಯ ಹೊಟ್ಟೆಗೆ ಶಾಖ ಕೊಡುವ ನೀರು ಎಷ್ಟು ಬಿಸಿಯಿರಬೇಕೆಂಬುದನ್ನು ಮೊದಲ ದಿನವೇ ನಾನು ತಪ್ಪಾಗಿ ಅಂದಾಜು ಮಾಡಿದೆ. ಟವೆಲ್ಲನ್ನು ಹಿಂಡಿ ನಾದಿನಿಯ ಕಿಬ್ಬೊಟ್ಟೆಯ ಮೇಲಿಟ್ಟ ಕೂಡಲೇ ಅವಳು ಚೀರಿದಳು; ಚರ್ಮ ಅಂಗೈಯಗಲ ಕೆಂಪಾಯಿತು. ಬೊಬ್ಬೆ ಏಳಲಿಲ್ಲ, ಆದರೆ ಆ ಕೆಂಪು ಮಾಸುವವರೆಗೆ ನನಗೆ ನೆಮ್ಮದಿಯಿರಲಿಲ್ಲ. ಎರಡು ವರ್ಷಗಳ ಹಿಂದೆ ನನಗೇ ಹೀಗೆ ಶಾಖ ಕೊಡುವಾಗ ಅತ್ತೆ ಪ್ರತಿ ಸಲವೂ ಟವೆಲ್ಲನ್ನು ಮೊದಲು ತಮ್ಮ ಮುಂಗೈಯ ಒಳಭಾಗಕ್ಕೆ ಒತ್ತಿಕೊಳ್ಳುತ್ತಿದ್ದರು. ಮಂಗಳೂರಿನಲ್ಲಿ ನರ್ಸಿಂಗ್ ಓದಿ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ್ದ ನಾನು ಅದನ್ನು ದಿನವೂ ನೋಡಿದ್ದರೂ ಕಲಿತಿರಲಿಲ್ಲ.

ನೈಜೀರಿಯಾದ ಆಗ್ನೇಯ ಭಾಗದ ಇಗ್ಬೊ ಜನ ಬಾಣಂತನವನ್ನು ಒಮುಗ್ವೊ ಎನ್ನುತ್ತಾರೆ. ನಮ್ಮಲ್ಲಿ ಹೆರಿಗೆಗೆ ಮಗಳು ತವರಿಗೆ ಹೋದರೆ, ಇಲ್ಲಿ ತಾಯಿಯೇ ತನ್ನ ಮನೆ, ಹೊಲ, ವ್ಯಾಪಾರವನ್ನು ಬಿಟ್ಟು ಮಗಳ ಮನೆಗೆ ಬಂದು ಉಳಿಯುತ್ತಾಳೆ. ಇದರಲ್ಲಿ ಮೊದಲ ಹಕ್ಕು ಹೆಣ್ಣಿನ ತಾಯಿಯದು. ಆಕೆ ಇಲ್ಲದಿದ್ದರೆ ಅಥವಾ ಬರಲಾಗದಿದ್ದರೆ ಅತ್ತೆಯೋ ಕುಟುಂಬದ ಬೇರೆ ಹೆಂಗಸೋ ಬರುತ್ತಾರೆ. ಇಗ್ಬೊ ಮನೆತನಕ್ಕೆ ಸೊಸೆಯಾಗಿ ಬಂದ ನನಗೆ ಇಲ್ಲಿನ ಎನುಗು ನಗರದಲ್ಲಿ ಮಗ ಹುಟ್ಟಿದಾಗ ನನ್ನ ಅಮ್ಮನಿಗೆ ವೀಸಾ ಸಿಗುವುದು ತಡವಾದ್ದರಿಂದ ಅತ್ತೆ ಬಂದರು. ಓವೆರಿ ನಗರದಲ್ಲಿರುವ ನಾದಿನಿಯ ಹೆರಿಗೆಯ ಹೊತ್ತಿಗೆ ಅದೇ ಅತ್ತೆ ಬಿದ್ದು ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿದ್ದರು. ಇಡೀ ಮನೆತನಕ್ಕೆ ಹೆಂಡತಿ ಎನ್ನುವ ಅರ್ಥದಲ್ಲಿ ಇಗ್ಬೊ ಜನ ಸೊಸೆಯನ್ನು 'ನ್ವುನ್ಯೆ ಅನ್ಯಿ', ಅಂದರೆ 'ನಮ್ಮ ಹೆಂಡತಿ' ಎಂದು ಕರೆಯುತ್ತಾರೆ. ಅತ್ತೆ ಹಾಗೆಯೇ ಕರೆದು, "ನನ್ನ ಬದಲಿಗೆ ನೀನು ಹೋಗು" ಎಂದರು. ಏಳು ಇಗ್ಬೊ ವಾರಗಳೆಂದು ಮಾತಾಯಿತು. ಎಕೆ, ಒರಿಯೆ, ಅಫೊ, ಎನ್‌ಕ್ವೊ ಎಂಬ ನಾಲ್ಕು ಸಂತೆ ದಿನಗಳದ್ದೇ ಇಲ್ಲಿ ಒಂದು ವಾರವಾದ್ದರಿಂದ ಒಟ್ಟು 28 ದಿನ.

ಆ ಕೆಂಪಿನ ನಂತರ ನಾನು ಪ್ರತಿ ಸಲವೂ ಮೊಣಕೈ ಅದ್ದಿ ನೀರಿನ ಬಿಸಿ ನೋಡಿದೆ. ಬೆಳಿಗ್ಗೆ ಮತ್ತು ಸಂಜೆ, ಮಡಿಸಿದ ಟವೆಲ್ಲನ್ನು ಅದ್ದಿ, ಹಿಂಡಿ, ಹೊಕ್ಕುಳಿನಿಂದ ಕೆಳಕ್ಕೆ ನಿಧಾನವಾಗಿ ಒತ್ತುವುದು ಕ್ರಮ. ಒಳಗೆ ಉಳಿದ ಹೆಪ್ಪುಗಟ್ಟಿದ ರಕ್ತ ಇದರಿಂದ ಹೊರಬರುತ್ತದೆಂಬುದು ಹಿರಿಯರ ನಂಬಿಕೆ. ಹೆರಿಗೆಯಾದಾಗ ಹೊಕ್ಕುಳಿನ ಮಟ್ಟದಲ್ಲಿರುವ ಗರ್ಭಕೋಶ ದಿನಕ್ಕೆ ಸುಮಾರು ಒಂದು ಬೆರಳಗಲ ಇಳಿಯುತ್ತಾ 10–12 ದಿನಗಳಲ್ಲಿ ಕೈಗೆ ಸಿಗದಂತಾಗುತ್ತದೆ. ಅದನ್ನು ಕುಗ್ಗಿಸುವುದು ಮುಖ್ಯವಾಗಿ ಮಗು ಹಾಲು ಚೀಪುವಾಗ ತಾಯಿಯ ದೇಹದಲ್ಲಿ ಸ್ರವಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು, ಬಿಸಿನೀರಲ್ಲ ಎಂಬುದು ನನ್ನ ತಿಳಿವಳಿಕೆ. ಆದರೂ ಶಾಖವನ್ನು ನಾನು ಬಿಡಲಿಲ್ಲ. ಅದರಿಂದ ಅವಳ ಸೊಂಟದ ನೋವು ಇಳಿಯುತ್ತಿತ್ತು, ಬಿಗಿದ ಮೈ ಸಡಿಲವಾಗುತ್ತಿತ್ತು, ಮತ್ತು ಆ ಅರ್ಧ ಗಂಟೆ ಮನೆಯವರೆಲ್ಲರ ಗಮನ ಮಗುವಿನಿಂದ ಅವಳ ಕಡೆಗೆ ತಿರುಗುತ್ತಿತ್ತು. ಸಿಸೇರಿಯನ್ ಆಗಿದ್ದರೆ ಗಾಯವಿರುವ ಹೊಟ್ಟೆಯನ್ನು ಹೀಗೆ ಒತ್ತಲು ನಾನು ಒಪ್ಪುತ್ತಿರಲಿಲ್ಲ. ಹೆರಿಗೆಯ ವೇಳೆ ಕೆಳಗೆ ಹಾಕಿದ ಹೊಲಿಗೆ ಮಾಯಲೆಂದು ಕುದಿನೀರಿನ ಹಬೆಯ ಮೇಲೆ ಕೂರಿಸುವ ಪದ್ಧತಿಯ ಬದಲು ಉಗುರುಬೆಚ್ಚಗಿನ ನೀರಿನ ಬೇಸಿನ್ನಿನಲ್ಲಿ ಹತ್ತು ನಿಮಿಷ ಕೂರಿಸಿದೆ.

ಅಡುಗೆಯಲ್ಲಿ ಮಾತ್ರ ಅತ್ತೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಬಾಣಂತಿಯ ಮುಖ್ಯ ಆಹಾರ 'ಜಿ ಮ್ಮಿರಿ ಒಕು'. 'ಜಿ' ಎಂದರೆ ನಮ್ಮ ಹೆಗ್ಗೆಣಸಿನ ಬಳಗಕ್ಕೆ ಸೇರಿದ ದೊಡ್ಡ ಗೆಡ್ಡೆ; ಅದರ ಹೋಳುಗಳನ್ನು ಒಣಮೀನಿನೊಡನೆ ತೆಳ್ಳನೆಯ, ಖಾರವಾದ ಬಿಸಿ ಸಾರಿನಲ್ಲಿ ಬೇಯಿಸುತ್ತಾರೆ. 'ಒಕ್ಪೊರೊಕೊ' ಎಂಬ ಕಟ್ಟಿಗೆಯಷ್ಟು ಗಟ್ಟಿಯಾದ ಒಣಮೀನು ನಾರ್ವೆಯಿಂದ ಬರುತ್ತದೆ. 1967–70ರ ಅಂತರ್ಯುದ್ಧದಲ್ಲಿ, ನೈಜೀರಿಯಾದಿಂದ ಬೇರೆಯಾಗಲು ಹೊರಟ ಈ ಭಾಗದ ಬಯಾಫ್ರಾದ ಹಸಿದವರಿಗೆ ಪರಿಹಾರವಾಗಿಯೂ ಬಂದಿದ್ದ ಇದನ್ನು ಹಿಂದಿನ ರಾತ್ರಿಯೇ ನೆನೆಹಾಕಿದರೆ ಮಾತ್ರ ಮೆತ್ತಗಾಗುತ್ತದೆ. ಸಾರಿನ ಜೀವ ಇರುವುದು 'ಉಡಾ' ಎಂಬ ಮಸಾಲೆಯ ಕಪ್ಪು ಕೋಡಿನಲ್ಲಿ. ಕೋಡನ್ನು ಜಜ್ಜಿ ಹಾಕಿ, ಘಮ ಬಿಟ್ಟುಕೊಂಡ ಮೇಲೆ ತೆಗೆದುಬಿಡಬೇಕು, ಏಕೆಂದರೆ ಒಳಗಿನ ಬೀಜ ಕಹಿ. 'ಉಝಿಝಾ' ಕಾಳು ನಮ್ಮ ಕಾಳುಮೆಣಸಿನ ಹತ್ತಿರದ ಸಂಬಂಧಿ. ಅದನ್ನು ಪುಡಿ ಮಾಡುವಾಗ ಬಂದ ವಾಸನೆಗೆ, ಬಾಣಂತಿಯರಿಗೆ ಮೆಣಸಿನ ಸಾರು ಮಾಡುತ್ತಿದ್ದ ಅಜ್ಜಿಯ ಅಡುಗೆಮನೆ ನನಗೆ ನೆನಪಾಯಿತು. ಕೊನೆಗೆ ಸಣ್ಣಗೆ ಹೆಚ್ಚಿದ ಕಹಿಯಾದ 'ಉಟಾಜಿ' ಎಲೆ, ಒಂದು ಚಿಟಿಕೆಯಷ್ಟೇ. ಹಾಲು ಹೆಚ್ಚಿದ್ದು ಉಡಾದಿಂದಲೋ ಬಿಸಿ ಸಾರನ್ನು ದಿನಕ್ಕೆ ಮೂರು ಸಲ ಕುಡಿದದ್ದರಿಂದಲೋ ಎಂದು ನಾನು ತೀರ್ಪು ಕೊಡಲಾರೆ. ನಾದಿನಿ ಬಟ್ಟಲನ್ನು ಖಾಲಿ ಮಾಡುತ್ತಿದ್ದಳು.

ಮಗುವಿನ ವಿಷಯದಲ್ಲಿ ಎರಡು ಕಡೆ ನಾನು ಗಟ್ಟಿಯಾಗಿ ನಿಂತೆ. ಸೆಕೆಯೆಂದು ಕೂಸಿಗೆ ನೀರು ಕುಡಿಸಲು ಬಂದ ನೆರೆಯ ಅಜ್ಜಿಗೆ, ಆರು ತಿಂಗಳವರೆಗೆ ತಾಯಿಯ ಹಾಲಿನಲ್ಲೇ ಅದಕ್ಕೆ ಬೇಕಾದಷ್ಟು ನೀರಿದೆ ಎಂದು ವಿವರಿಸಿ, ಸ್ನಾನದ ಹೊತ್ತಿಗೆ ಹಾಡಲು ಬರಬೇಕೆಂದು ಕೇಳಿಕೊಂಡೆ. ಅವರು ದಿನವೂ ಬಂದರು. ಹೊಕ್ಕುಳಬಳ್ಳಿಗೆ ಸೋಂಕು ತಡೆಯುವ ಶೇ 7.1ರ ಕ್ಲೋರ್‌ಹೆಕ್ಸಿಡಿನ್ ಜೆಲ್ ಬಿಟ್ಟು ಬೇರೇನನ್ನೂ ಮುಟ್ಟಿಸಲಿಲ್ಲ. ತಾಳೆ ಬೀಜದೊಳಗಿನ ತಿರುಳನ್ನು ಹುರಿದು ತೆಗೆಯುವ 'ಉದೆ ಅಕಿ' ಎಂಬ ಕಪ್ಪು ಎಣ್ಣೆಯನ್ನು ಮೈಗೆ ಸವರಿ ಕೈಕಾಲು ನೀವಿದೆ. ಮಗುವನ್ನು ಮೇಲಕ್ಕೆ ಎಸೆದು ಹಿಡಿಯುವ ವಾಡಿಕೆಯನ್ನು ಬಿಟ್ಟೆ. ಎಂಟನೆಯ ದಿನ ಬಳ್ಳಿ ಉದುರಿತು. ಅದನ್ನು ಮಗುವಿನ ತಂದೆ ತಮ್ಮ ಹಳ್ಳಿಗೆ ಒಯ್ದು ಹಿತ್ತಿಲಿನ ಎಳೆಯ ತಾಳೆಮರದ ಬುಡದಲ್ಲಿ ಹೂತರು. ಇನ್ನು ಆ ಮರ ಮಗುವಿನದು. ಆ ಊರಿನವಳೆಂದು ಹೇಳಿಕೊಳ್ಳಲು ಆ ಹೆಣ್ಣುಮಗುವಿಗೆ ಅದೇ ಗುರುತು.

ಅತ್ತೆ ದಿನವೂ ಫೋನಿನಲ್ಲಿ ಎಲ್ಲಕ್ಕಿಂತ ಮೊದಲು, "ಅವಳು ನಿದ್ದೆ ಮಾಡಿದಳೇ?" ಎಂದು ಕೇಳುತ್ತಿದ್ದರು. ಐದನೆಯ ದಿನ ನಾದಿನಿ ಕಾರಣವಿಲ್ಲದೆ ಅತ್ತಾಗ ಆ ಪ್ರಶ್ನೆಯ ತೂಕ ನನಗೆ ತಿಳಿಯಿತು. ಅಂದಿನಿಂದ ಹಾಲು ಕುಡಿಸಿದ ಕೂಡಲೇ ಮಗುವನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ, ಬೆನ್ನು ತಟ್ಟಿ ಮಲಗಿಸಿ, ಮತ್ತೆ ಹಸಿದಾಗಷ್ಟೇ ಅವಳ ಬಳಿ ತಂದೆ. ಮೂರು ರಾತ್ರಿಗಳಲ್ಲಿ ಅಳು ನಿಂತಿತು. ನಿಲ್ಲದೆ ಎರಡು ವಾರ ಮುಂದುವರಿದಿದ್ದರೆ ವೈದ್ಯರ ಬಳಿ ಕರೆದೊಯ್ಯಬೇಕೆಂದು ಅವಳ ಗಂಡನಿಗೆ ಮೊದಲೇ ಹೇಳಿದ್ದೆ. ಒಮುಗ್ವೊದ ಉಳಿದ ಯಾವ ಅಂಶವನ್ನು ಬದಲಿಸಿದರೂ ಇದೊಂದನ್ನು ಬದಲಿಸಬಾರದೆಂದು ನಾನು ನಂಬಿದ್ದೇನೆ.

28ನೆಯ ದಿನ ಅವಳ ಗಂಡ, ವಾಡಿಕೆಯಂತೆ ಅಜ್ಜಿಗೆ ಸಲ್ಲಬೇಕಾದದ್ದನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ನನ್ನ ಕೈಗಿತ್ತರು: ಉಪ್ಪು, ಸಾಬೂನು, ಒಕ್ಪೊರೊಕೊ, ಉಡಲು ಒಂದು ಜೊತೆ ಬಟ್ಟೆ. ಎನುಗುವಿಗೆ ಒಯ್ದು ಅತ್ತೆಯ ಮುಂದಿಟ್ಟೆ. ಅವರು ಕುಳಿತಲ್ಲಿಂದಲೇ ನನ್ನನ್ನು ಬಗ್ಗಿಸಿ, ಮಗು ಹುಟ್ಟಿದ ಸಂತೋಷಕ್ಕೆ ಹಚ್ಚುವಂತೆ ಕುತ್ತಿಗೆಗೆ ಬಿಳಿ ಪೌಡರ್ ಹಚ್ಚಿದರು. ಉಪ್ಪನ್ನೂ ಸಾಬೂನನ್ನೂ ನೆರೆಯ ಹೆಂಗಸರಿಗೆ ಹಂಚಲು ಹೇಳಿ, ಬಟ್ಟೆಯ ಜೊತೆಯನ್ನು ಬಿಡಿಸಿ ಒಂದನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಇನ್ನೊಂದನ್ನು ನನ್ನ ಸೊಂಟಕ್ಕೆ ಸುತ್ತಿದರು.