ಅದೇ ಪ್ರಸಂಗ, ಬೇರೆ ಭಾಗವತರು

ನಾನು ಕಾಸರಗೋಡಿನ ಪೆರ್ಲದ ಹತ್ತಿರದವನು, ಯಕ್ಷಗಾನದ ಹವ್ಯಾಸಿ ಮದ್ದಳೆಗಾರ. ಊರಿನ ಆಟಕ್ಕೋ ತಾಳಮದ್ದಳೆಗೋ ಕರೆದರೆ ಹೋಗಿ ಬಾರಿಸುತ್ತೇನೆ. ಉಳಿದ ಹೊತ್ತೆಲ್ಲ ಅಡಿಕೆ ತೋಟ. ಜೆನೆಸಿಸ್ ಎಂಬ ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ಬ್ಯಾಂಡಿನ ಹುಚ್ಚು ಹಿಡಿದದ್ದು ಸೋದರಮಾವನಿಂದ. ಮಾವ ದುಬೈಯಿಂದ ರಜೆಗೆ ಬಂದಾಗ ‘ಇನ್‌ವಿಸಿಬಲ್ ಟಚ್’ ಕ್ಯಾಸೆಟ್ ತಂದಿದ್ದರು. 1986ರ ಆಲ್ಬಂ ಅದು. ಹಾಡಿದವರು ಫಿಲ್ ಕಾಲಿನ್ಸ್. ಟೇಪು ಸವೆಯುವಷ್ಟು ಕೇಳಿದೆ. ಕಾಲಿನ್ಸ್‌ಗಿಂತ ಮೊದಲು ಪೀಟರ್ ಗೇಬ್ರಿಯಲ್ ಅನ್ನುವವರು ಹಾಡುತ್ತಿದ್ದರು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಆ ಹಳೆಯ ಆಲ್ಬಂಗಳನ್ನು ಹುಡುಕಿ ಕೇಳಿದ ಮೇಲೆ ನನ್ನ ನಿದ್ದೆ ಹೋಯಿತು. ಇದು ಅದೇ ಬ್ಯಾಂಡಾ? ಕೇಳುವವರಲ್ಲೂ ಎರಡು ಪಕ್ಷ. 1975ರಲ್ಲಿ ಗೇಬ್ರಿಯಲ್ ಬಿಟ್ಟು ಹೋದರು, ಅಲ್ಲಿಗೆ ಜೆನೆಸಿಸ್ ಮುಗಿಯಿತು ಅನ್ನುವವರು ಒಂದು ಕಡೆ. ಕಾಲಿನ್ಸ್ ಬಂದ ಮೇಲೆಯೇ ಲೋಕಕ್ಕೆ ಈ ಬ್ಯಾಂಡ್ ಗೊತ್ತಾದದ್ದು ಅನ್ನುವವರು ಇನ್ನೊಂದು ಕಡೆ. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಯಕ್ಷಗಾನದ ಆಟಗಳಲ್ಲಿ ಒಂದೇ ರಾತ್ರಿ ಪದ ಹಾಡುವ ಭಾಗವತರು ಬದಲಾಗುತ್ತಾರೆ ಅಲ್ವಾ? ಕಿರಿಯರು ಮೊದಲು ಪದ ಹೇಳುತ್ತಾರೆ, ನಡುರಾತ್ರಿ ದಾಟಿದ ಮೇಲೆ ಹಿರಿಯರು ಬಂದು ಜಾಗಟೆ ಹಿಡಿಯುತ್ತಾರೆ. ಪ್ರಸಂಗದ ಕತೆ ಅದೇ, ಚೆಂಡೆ ಮದ್ದಳೆ ಅದೇ. ಆದರೂ ಆಟದ ಬಣ್ಣ ಬೇರೆಯಾಗುತ್ತದೆ. ಏನು ಬದಲಾಯಿತು, ಏನು ಹಾಗೇ ಉಳಿಯಿತು ಅಂತ ಹಿಮ್ಮೇಳದಲ್ಲಿ, ಅಂದರೆ ಹಾಡು ವಾದ್ಯದವರ ಸಾಲಿನಲ್ಲಿ, ಕೂತವನಿಗೆ ಗೊತ್ತಾಗುತ್ತದೆ. ಆ ಕಿವಿಯಿಂದಲೇ ಜೆನೆಸಿಸ್ ಕೇಳೋಣ ಅಂತ ಕೂತೆ.

ಮೊದಲ ಸಲ ತಪ್ಪು ದಾರಿ ಹಿಡಿದೆ. ಗೇಬ್ರಿಯಲ್ ಕಾಲದ್ದೊಂದು ಆಲ್ಬಂ, ಕಾಲಿನ್ಸ್ ಕಾಲದ್ದೊಂದು ಆಲ್ಬಂ ಅಂತ ಜೋಡಿ ಮಾಡಿ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಾಲಿನ್ಸ್ ದನಿ ಸ್ಪಷ್ಟ, ಡ್ರಮ್ಸ್ ತುಂಬ ಹತ್ತಿರ ಕೇಳುತ್ತದೆ, ಹೀಗೆಲ್ಲ. ಹದಿನೈದು ದಿನ ಆದ ಮೇಲೆ ಗಮನಿಸಿದೆ. ನನ್ನ ಹತ್ತಿರ ಇದ್ದ ಕಾಲಿನ್ಸ್ ಆಲ್ಬಂ 2007ರಲ್ಲಿ ಹೊಸದಾಗಿ ಮಿಕ್ಸ್ ಮಾಡಿದ್ದು, ಅಂದರೆ ಹಳೆಯ ರೆಕಾರ್ಡಿಂಗಿನ ದನಿ, ವಾದ್ಯಗಳನ್ನು ಮತ್ತೆ ಹೊಂದಿಸಿದ್ದು. ಗೇಬ್ರಿಯಲ್‌ದು ಹಳೆಯ ಮಿಕ್ಸ್. ನಾನು ಹೋಲಿಸಿದ್ದು ಇಬ್ಬರು ಹಾಡುಗಾರರನ್ನಲ್ಲ, ಎರಡು ಕಾಲದ ಮಿಕ್ಸಿಂಗನ್ನು. ಆ ಪುಟಗಳನ್ನು ಹೊಡೆದು ಹಾಕಿದೆ. ಆಮೇಲೆ ಎರಡೂ ಹಳೆಯ ಮಿಕ್ಸನ್ನೇ ಇಟ್ಟುಕೊಂಡೆ. ಒಂದೇ ಹೆಡ್‌ಫೋನ್. ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವ ಹಾಗೆ ವಾಲ್ಯೂಮ್ ಸರಿಮಾಡಿದೆ. ಸ್ವಲ್ಪ ಜೋರಾಗಿ ಕೇಳಿದ್ದು ಯಾವಾಗಲೂ ಚೆಂದ ಅನ್ನಿಸುತ್ತದೆ, ಈ ಮೋಸ ಎಲ್ಲ ಕಿವಿಗೂ ಆಗುತ್ತದೆ.

ಇನ್ನೊಂದು ನಿಯಮವನ್ನೂ ಹಾಕಿಕೊಂಡೆ. ಇಬ್ಬರೂ ಹಾಡಿದ ಒಂದೇ ಹಾಡನ್ನು ಮಾತ್ರ ಹೋಲಿಸುವುದು. ಅದಕ್ಕೆ ‘ಸೆಕೆಂಡ್ಸ್ ಔಟ್’ ಒದಗಿತು. 1977ರಲ್ಲಿ ಬಂದ ಲೈವ್ ಆಲ್ಬಂ. ಅದರಲ್ಲಿ ಗೇಬ್ರಿಯಲ್ ಕಾಲದ ಹಾಡುಗಳನ್ನು ಕಾಲಿನ್ಸ್ ಹಾಡಿದ್ದಾರೆ.

ಅದರಲ್ಲಿ ‘ಸಪ್ಪರ್ಸ್ ರೆಡಿ’ ಇದೆ. ಮೊದಲು 1972ರ ‘ಫಾಕ್ಸ್‌ಟ್ರಾಟ್’ ಆಲ್ಬಂನಲ್ಲಿ ಬಂದದ್ದು, ಸುಮಾರು 23 ನಿಮಿಷ. ಬಸ್ಸಿನಲ್ಲಿ ಪೆರ್ಲದಿಂದ ಬದಿಯಡ್ಕ ತಲುಪುವಾಗ ಹಾಡು ಹತ್ತಿರ ಹತ್ತಿರ ಮುಗಿಯುತ್ತದೆ. ಕೊನೆಯ ಹೊತ್ತಿಗೆ ಒಂದು ಭಾಗ ಬರುತ್ತದೆ, ಹೆಸರಿನಲ್ಲೇ 9/8 ಅಂತ ಇದೆ, ಅಂದರೆ ಒಂಬತ್ತು ಎಣಿಕೆಯ ತಾಳ. ಟೋನಿ ಬ್ಯಾಂಕ್ಸ್ ಅವರ ಆರ್ಗನ್ ತನ್ನಷ್ಟಕ್ಕೆ ಹೋಗುತ್ತಿರುತ್ತದೆ. ಕೆಳಗೆ ಡ್ರಮ್ಸ್, ಬಾಸ್ ಒಂಬತ್ತರ ಲೆಕ್ಕ ಹಿಡಿದಿರುತ್ತವೆ. ಮೊದಮೊದಲು ನನ್ನ ಬೆರಳು ತಪ್ಪುತ್ತಿತ್ತು. ಒಂದು ದಿನ ಸೀಟಿನ ಕಂಬಿಯ ಮೇಲೆ ಸುಮ್ನೆ ಬಾಯಿತಾಳ ಹೇಳಿ ನೋಡಿದೆ. ತಕಿಟ, ತಕ, ತಕಧಿಮಿ. ಮೂರು, ಎರಡು, ನಾಲ್ಕು. ಅಚ್ಚುಕಟ್ಟಾಗಿ ಕೂತಿತು! ಆಮೇಲೆ ಆರ್ಗನ್ ಎಲ್ಲಿಗೆ ಹೋದರೂ ನನ್ನ ಕೈ ಬಿಡಲಿಲ್ಲ.

ತಾಳ ಸಿಕ್ಕಿದ ಮೇಲೆ ಹಾಡುಗಾರರ ವ್ಯತ್ಯಾಸ ಕೇಳತೊಡಗಿತು. ಗೇಬ್ರಿಯಲ್ ಈ ತಾಳದ ಮೇಲೆ ನಿಲ್ಲುವುದಿಲ್ಲ. ಒಂಬತ್ತು ಒಂದು ಕಡೆ ಓಡುತ್ತಿರುತ್ತದೆ, ಅವರು ಎದುರಿನಿಂದ ಬಂದು ಕೂಗುತ್ತಾರೆ. ಮಾತನ್ನು ಎಳೆಯುತ್ತಾರೆ, ಒಂದು ಕಡೆ ಉಗುಳಿದ ಹಾಗೆ ಬಿಡುತ್ತಾರೆ. ಕಾಲಿನ್ಸ್ ಹಾಗಲ್ಲ. ಅವರು 1970ರಲ್ಲಿ ಈ ಬ್ಯಾಂಡಿಗೆ ಬಂದದ್ದೇ ಡ್ರಮ್ಮರ್ ಆಗಿ. ಅವರ ಒಂದೊಂದು ಅಕ್ಷರವೂ ಪೆಟ್ಟಿನ ಮೇಲೆ ಬಂದು ಕೂರುತ್ತದೆ. ಹಾಡಿಲ್ಲದ ಕಡೆ ಅವರೇ ಹೋಗಿ ಡ್ರಮ್ಸ್‌ಗೆ ಕೂರುತ್ತಿದ್ದರು. ಆಗ ಚೆಸ್ಟರ್ ಥಾಂಪ್ಸನ್ ಜೊತೆ ಜೋಡಿ ಡ್ರಮ್ಸ್. ನಮ್ಮಲ್ಲಿ ಚೆಂಡೆಯವರೇ ಎದ್ದು ಬಂದು ಜಾಗಟೆ ಹಿಡಿದರೆ ಹೇಗಿರುತ್ತದೋ ಹಾಗೆ.

ಆದರೆ ವ್ಯತ್ಯಾಸ ತಾಳದಲ್ಲಿ ಮಾತ್ರ ಇದ್ದ ಹಾಗೆ ಕಾಣಲಿಲ್ಲ. ಇನ್ನೇನೋ ಇದೆ, ಹೇಳಲು ಬರುತ್ತಿಲ್ಲ ಅನ್ನಿಸುತ್ತಿತ್ತು. ಅದನ್ನು ಬಿಡಿಸಿ ಹೇಳಿದ್ದು ನಮ್ಮ ಜೊತೆ ಚೆಂಡೆ ಬಾರಿಸುವ ಅಣ್ಣ. ಅವರಿಗೆ ಇಂಗ್ಲಿಷ್ ಹಾಡಿನ ಪರಿಚಯವೇ ಇಲ್ಲ. ಒಂದು ರಾತ್ರಿ ನಮ್ಮ ಮನೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದೆವು. ನಾನು ‘ದ ಮ್ಯೂಸಿಕಲ್ ಬಾಕ್ಸ್’ ಹಾಕಿದೆ. 1971ರ ಹಾಡು. ಮೊದಲು ಕತೆ ಹೇಳಿದೆ. ಒಬ್ಬಳು ಹುಡುಗಿ ಆಟದ ಕೋಲಿನಿಂದ ಹುಡುಗನ ತಲೆ ಹಾರಿಸುತ್ತಾಳೆ. ಆಮೇಲೆ ಅವನ ಸಂಗೀತದ ಪೆಟ್ಟಿಗೆ ತೆರೆದರೆ ಅವನ ಆತ್ಮ ಹೊರಗೆ ಬರುತ್ತದೆ. ಬಂದವನು ಕಣ್ಣೆದುರೇ ಮುದುಕನಾಗುತ್ತ ಹೋಗುತ್ತಾನೆ, ಆದರೆ ಆಸೆ ಮಾತ್ರ ತೀರಿರುವುದಿಲ್ಲ. ಅಣ್ಣ ಸುಲಿಯುವುದನ್ನು ನಿಲ್ಲಿಸಿದರು. "ಇದು ಪ್ರಸಂಗ ಮಾರಾಯ" ಅಂದರು.

ಮೊದಲು 1973ರ ಲೈವ್ ಆಲ್ಬಂನಿಂದ ಗೇಬ್ರಿಯಲ್ ಹಾಡಿದ್ದನ್ನು ಕೇಳಿಸಿದೆ. ಕೊನೆಯಲ್ಲಿ ಅವರ ದನಿ ನಡುಗುತ್ತದೆ, ಒಡೆಯುತ್ತದೆ, ಒಂದೇ ಮಾತನ್ನು ಮತ್ತೆ ಮತ್ತೆ ಬೇಡುತ್ತದೆ. ಮುದುಕನ ಗಂಟಲು ಅದು. ವೇದಿಕೆಯಲ್ಲಿ ಈ ಭಾಗಕ್ಕೆ ಅವರು ಮುದುಕನ ಮುಖವಾಡ ಹಾಕಿಕೊಳ್ಳುತ್ತಿದ್ದರು. ಬೇರೆ ಹಾಡಿಗೆ ಬಾವಲಿಯ ರೆಕ್ಕೆ, ಹೂವಿನ ತಲೆ. 1972ರಲ್ಲಿ ಡಬ್ಲಿನ್‌ನಲ್ಲಿ ನರಿಯ ತಲೆ ಹಾಕಿ, ಹೆಂಡತಿಯ ಕೆಂಪು ಗೌನು ತೊಟ್ಟು ಬಂದದ್ದು ಇದಕ್ಕೆಲ್ಲ ಶುರು. ಆಮೇಲೆ ‘ಸೆಕೆಂಡ್ಸ್ ಔಟ್’ನಿಂದ ಅದೇ ಕೊನೆಯ ಭಾಗವನ್ನು ಹಾಕಿದೆ. ದನಿ ಎಲ್ಲೂ ಒಡೆಯುವುದಿಲ್ಲ. ಏರುತ್ತ ಹೋಗಿ ತುಂಬಿ ನಿಲ್ಲುತ್ತದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಮೊದಲಿನವ ವೇಷ. ಇವ ಭಾಗವತ. ಅವ ತಾನೇ ಮುದುಕ ಆಗ್ತಾನೆ. ಇವ ಮುದುಕನ ಸಂಕಟವನ್ನು ಪದದಲ್ಲಿ ಹೇಳ್ತಾನೆ."

ನನಗೆ ಬೇಕಾದದ್ದು ಇದೇ. ಗೇಬ್ರಿಯಲ್ ವೇಷ ಕಟ್ಟುವ ಮುಮ್ಮೇಳದವರು, ಕಾಲಿನ್ಸ್ ಹಿಮ್ಮೇಳದವರು. ಯಾರು ದೊಡ್ಡವರು ಅಂತ ಕೇಳಿದರೆ ಪ್ರಶ್ನೆಯೇ ತಪ್ಪು. ಆದರೆ ಯಾವ ಹಾಡಿಗೆ ಯಾರು ಬೇಕು ಅಂತ ಕೇಳಬಹುದು. ‘ಮ್ಯೂಸಿಕಲ್ ಬಾಕ್ಸ್’ಗೆ ವೇಷವೇ ಬೇಕು, ನನಗೆ ಅದರಲ್ಲಿ ಎರಡು ಮಾತಿಲ್ಲ. ‘ಸಪ್ಪರ್ಸ್ ರೆಡಿ’ಯ ಮುಕ್ತಾಯ ಮಾತ್ರ ಕಾಲಿನ್ಸ್ ದನಿಯಲ್ಲೇ ನನ್ನ ಕಣ್ಣು ತುಂಬಿಸಿದೆ.

ಇದಾದ ಮೇಲೆ ಆಲ್ಬಂಗಳನ್ನೆಲ್ಲ ವರ್ಷದ ಪ್ರಕಾರ ಮತ್ತೆ ಕೇಳಿದೆ. ಬ್ಯಾಂಡ್ ಮುರಿದದ್ದು ಹಾಡುಗಾರ ಬದಲಾದಾಗ ಅನ್ನುವುದು ಕಿವಿಗೆ ನಿಜ ಅನ್ನಿಸಲಿಲ್ಲ. 1973ರ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’ನಲ್ಲಿ ಎಂಟು ಹಾಡು. ಕಾಲಿನ್ಸ್ ಮುಖ್ಯ ಹಾಡುಗಾರರಾದ ಮೊದಲ ಆಲ್ಬಂ, 1976ರ ‘ಎ ಟ್ರಿಕ್ ಆಫ್ ದ ಟೇಲ್’ನಲ್ಲೂ ಎಂಟೇ. ಹಾಡು ಕಟ್ಟುವ ಕ್ರಮ, ಅದರ ಉದ್ದ, ಸ್ಟೀವ್ ಹ್ಯಾಕೆಟ್ ಅವರ ಗಿಟಾರ್ ಎಲ್ಲ ಹತ್ತಿರ ಹತ್ತಿರ. ಕಾಲಿನ್ಸ್ ದನಿ ಕೂಡ ಹೊಸದಲ್ಲ. ಗೇಬ್ರಿಯಲ್ ಹಿಂದೆ ಮೇಲಿನ ಸ್ವರದಲ್ಲಿ ಅಷ್ಟು ವರ್ಷ ಹಾಡುತ್ತಿದ್ದವರು ಅವರೇ. ಕಟ್ಟು ಬದಲಾದದ್ದು ಹ್ಯಾಕೆಟ್ 1977ರಲ್ಲಿ ಬಿಟ್ಟ ಮೇಲೆ. 1978ರ ಆಲ್ಬಂನಲ್ಲಿ 11 ಹಾಡು, ಹೆಚ್ಚಿನವು ಚಿಕ್ಕವು. ಹಾಗಂತ ಉದ್ದದ ಹಾಡು ಪೂರಾ ನಿಂತು ಹೋಗಲಿಲ್ಲ. ಮಾವನ ಕ್ಯಾಸೆಟ್ಟಿನಲ್ಲೇ ‘ಡೊಮಿನೊ’ ಇತ್ತು, ಹತ್ತು ನಿಮಿಷಕ್ಕಿಂತ ಜಾಸ್ತಿ.

ಕಾಲಿನ್ಸ್ 1996ರಲ್ಲಿ ಹೊರಟ ಮೇಲೆ ಸ್ಕಾಟ್ಲೆಂಡಿನ ರೇ ವಿಲ್ಸನ್ ಬಂದರು. 1997ರ ‘ಕಾಲಿಂಗ್ ಆಲ್ ಸ್ಟೇಷನ್ಸ್’ ಒಂದೇ ಆಲ್ಬಂ. ಕೆಳಸ್ವರದ ಒಳ್ಳೆಯ ದನಿ ಅವರದ್ದು. ಆದರೆ ಕಾಲಿನ್ಸ್ ಹೋದಾಗ ಹಾಡುಗಾರನ ಜೊತೆಗೆ ಡ್ರಮ್ಮರ್ ಕೂಡ ಹೋದಂತಾಯಿತು. ಆ ಎರಡನೆಯ ಜಾಗ ಖಾಲಿಯಾದದ್ದೇ ನನಗೆ ಜಾಸ್ತಿ ಕೇಳುತ್ತದೆ.

ಹೋಲಿಸಿ ನೋಡಬೇಕು ಅನ್ನುವವರು ‘ದ ಕಾರ್ಪೆಟ್ ಕ್ರಾಲರ್ಸ್’ ಒಂದನ್ನೇ ಹಿಡಿಯಿರಿ. 1974ರಲ್ಲಿ ಗೇಬ್ರಿಯಲ್ ಹಾಡಿದ್ದು, 1977ರಲ್ಲಿ ಕಾಲಿನ್ಸ್ ಹಾಡಿದ್ದು. 1999ರಲ್ಲಿ ಹೊಸದಾಗಿ ರೆಕಾರ್ಡ್ ಮಾಡಿದಾಗ ಇಬ್ಬರೂ ಹಾಡಿದ್ದಾರೆ, ಮೊದಲು ಗೇಬ್ರಿಯಲ್, ಆಮೇಲೆ ಕಾಲಿನ್ಸ್. 2022ರ ಮಾರ್ಚ್ 26ರಂದು ಲಂಡನ್ನಿನಲ್ಲಿ ಬ್ಯಾಂಡಿನ ಕೊನೆಯ ಕಾರ್ಯಕ್ರಮ ನಡೆಯಿತು. ಕೊನೆಯ ಹಾಡು ಇದೇ. ಆರೋಗ್ಯ ಕೆಟ್ಟಿದ್ದರಿಂದ ಕಾಲಿನ್ಸ್ ಕುರ್ಚಿಯಲ್ಲಿ ಕೂತು ಹಾಡಿದರು. ಡ್ರಮ್ಸ್‌ನಲ್ಲಿ ಅವರ ಮಗ ನಿಕ್. ಗೇಬ್ರಿಯಲ್ ಸಭೆಯಲ್ಲಿದ್ದರು. ಯಾರೋ ಫೋನಿನಲ್ಲಿ ಹಿಡಿದ ವಿಡಿಯೊವನ್ನು ಅಣ್ಣನಿಗೆ ತೋರಿಸಿದೆ. ಅವರು ಹಾಡುಗಾರನನ್ನು ನೋಡಲಿಲ್ಲ. ಉದ್ದಕ್ಕೂ ಆ ಹುಡುಗನ ಕೈಯನ್ನೇ ನೋಡುತ್ತಿದ್ದರು.