ಕಣ್ಣಿನ ವಿಷಯದಲ್ಲಿ ಬೆಳಗಾಗಲಿ ಅಂತ ಕಾಯಬೇಡಿ

ಕಣ್ಣಿಗೆ ಸುಣ್ಣ, ಸಿಮೆಂಟ್, ಆಸಿಡ್ ಸಿಡಿದರೆ ಆಸ್ಪತ್ರೆಗೆ ಓಡುವ ಮೊದಲೇ ನಲ್ಲಿ ನೀರಿನಲ್ಲಿ ತೊಳೆಯಲು ಶುರುಮಾಡಿ. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20 ನಿಮಿಷ. ಸುಣ್ಣದಂಥ ಕ್ಷಾರ ಆಸಿಡ್‌ಗಿಂತಲೂ ಆಳಕ್ಕೆ ಇಳಿಯುತ್ತದೆ, ಹಾಗಾಗಿ ಉರಿ ಕಡಿಮೆಯಾಯಿತೆಂದು ನಿಲ್ಲಿಸಬೇಡಿ. ಆಮೇಲೆ ನೇರ ಕಣ್ಣಿನ ಡಾಕ್ಟರ ಬಳಿಗೆ.

ಏನಾದರೂ ಚುಚ್ಚಿಕೊಂಡಿದ್ದರೆ ಮಾತ್ರ ಕೀಳಬೇಡಿ, ಉಜ್ಜಬೇಡಿ, ತೊಳೆಯಲೂಬೇಡಿ.

ನನಗೆ ಹೆಚ್ಚು ಆತಂಕ ನೋವೇ ಇಲ್ಲದ ತೊಂದರೆಗಳದ್ದು, ಜನ ಮುಂದೂಡುವುದು ಅವನ್ನೇ. ಇದ್ದಕ್ಕಿದ್ದಂತೆ ಮಿಂಚುವ ಬೆಳಕು, ಹೊಸದಾಗಿ ತೇಲುವ ಕಪ್ಪು ಚುಕ್ಕೆಗಳು, ಒಂದು ಬದಿಯಿಂದ ಪರದೆ ಇಳಿದಂತೆ ಕತ್ತಲು ಕಂಡರೆ ರೆಟಿನಾ, ಅಂದರೆ ಕಣ್ಣಿನೊಳಗೆ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ, ಕಳಚುತ್ತಿರಬಹುದು. ದೃಷ್ಟಿ ಹಠಾತ್ತನೆ ಹೋದರೂ, ಕೆಂಪಾದ ಕಣ್ಣಿನ ಜೊತೆ ವಿಪರೀತ ನೋವು, ವಾಂತಿ ಬಂದರೂ ತಕ್ಷಣ ಹೊರಡಿ. ಮನೆಯಲ್ಲಿ ಉಳಿದಿರುವ ಹಳೆಯ ಡ್ರಾಪ್ಸ್ ಹಾಕಿಕೊಂಡು ಕೂರಬೇಡಿ.