ಟ್ರಾನ್ಸ್ ಮಹಿಳೆಯರ ಸುದ್ದಿ ತಿದ್ದುವಾಗ ಮೊದಲು ವಾಕ್ಯದ ಬಾಲ ನೋಡಿ

ಹೊಸಪೇಟೆಯ ಒಂದು ಚಿಕ್ಕ ಪತ್ರಿಕೆಯ ಡೆಸ್ಕಿನಲ್ಲಿ 19 ವರ್ಷ ವರದಿ ತಿದ್ದಿದ್ದೇನೆ. ಈಗ ಹೊಸಬರಿಗೆ ಅದೇ ಕೆಲಸ ಕಲಿಸುತ್ತೇನೆ. ಟ್ರಾನ್ಸ್ ಮಹಿಳೆಯರ ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಸರ್, ಯಾವ ಪದ ಹಾಕಲಿ?" ಪದ ಆಮೇಲೆ, ಮೊದಲು ವಾಕ್ಯದ ಬಾಲ ನೋಡು ಅನ್ನುತ್ತೇನೆ.

ಬಾಲ ಅಂದರೆ ಕ್ರಿಯಾಪದ. ಕನ್ನಡದಲ್ಲಿ ಬೈಗುಳವನ್ನು ಅಲ್ಲೂ ಬಚ್ಚಿಡಬಹುದು. ಮೇಲೆ ಚೆಂದವಾಗಿ "ಮಂಗಳಮುಖಿ" ಅಂತ ಬರೆದು ಕೆಳಗೆ "ಬಂದಿತು, ಹೇಳಿತು" ಅಂದರೆ ಮುಗಿಯಿತು. "ಬಂದ, ಹೇಳಿದ" ಅಂದರೂ ಅಷ್ಟೇ. ಶಾಲೆಯ ವ್ಯಾಕರಣ ನೆನಪಿದೆಯಲ್ಲ: ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ. ಕಲ್ಲು, ಮರ, ಎಮ್ಮೆ ಎಲ್ಲ ಮೂರನೆಯದು. ಒಬ್ಬರನ್ನು "ನಪುಂಸಕ" ಅಂದರೆ ಆ ಸಾಲಿಗೆ ನಿಲ್ಲಿಸಿದ ಹಾಗೆ. ಹವ್ಯಕರ ಮನೆಯಲ್ಲಿ ಹೆಂಗಸರಿಗೂ "ಅದು ಬಂತು" ಅನ್ನುತ್ತಾರಲ್ಲ ಅಂತ ಒಬ್ಬ ನನ್ನ ಹತ್ತಿರ ವಾದಕ್ಕೆ ಬಂದಿದ್ದ. ಅದು ಆ ಮನೆಮಾತಿನ ವ್ಯಾಕರಣ ಮಾರಾಯ, ನಿನ್ನ ವರದಿ ಹವ್ಯಕ ಕನ್ನಡದಲ್ಲಿ ಇಲ್ಲವಲ್ಲ ಅಂದೆ.

ಇದನ್ನು ನಾನೂ ತಪ್ಪು ಮಾಡಿಯೇ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲಾರಿ ಅಪಘಾತದ ಸುದ್ದಿಯೊಂದಕ್ಕೆ "ನಪುಂಸಕ ಸಾವು" ಅಂತ ಶೀರ್ಷಿಕೆ ಕೊಟ್ಟೆ. ಸಿಂಗಲ್ ಕಾಲಮ್ಮಿಗೆ ಸರಿಯಾಗಿ ಕೂತಿತು ಅಂತ ಖುಷಿಯೂ ಆಯಿತು. ಮರುದಿನ ಹುಲಿಗಿ ಕಡೆಯ ಹಿರಿಯ ಜೋಗತಿಯೊಬ್ಬರು ಪೇಪರು ಹಿಡಿದು ಆಫೀಸಿಗೆ ಬಂದರು. ಕೂಗಾಡಲಿಲ್ಲ. "ಅಣ್ಣಾ, ಆಕಿಗೆ ಒಂದ್ ಹೆಸರಿತ್ತು. ಇದ್ರಾಗ ಎಲ್ಲೈತಿ ತೋರ್ಸಪಾ" ಅಂದರು. ಹುಡುಕಿದೆ. ಲಾರಿಯ ನಂಬರ್ ಇತ್ತು. ಹೆಸರು ಇರಲಿಲ್ಲ.

ಹಾಗಾಗಿ ಎರಡನೆಯದು ಹೆಸರು. ಅವರು ಇಟ್ಟುಕೊಂಡ ಹೆಸರನ್ನೇ ಬರೆಯಿರಿ. "ಸುರೇಶ ಅಲಿಯಾಸ್ ಸುಜಾತಾ" ಬೇಡ. ನಮ್ಮ ಪತ್ರಿಕೆಗಳಲ್ಲಿ ಅಲಿಯಾಸ್ ಬರುವುದು ರೌಡಿಗಳಿಗೆ, ಅಲ್ವಾ? "ಹೆಣ್ಣಿನ ವೇಷದಲ್ಲಿದ್ದ" ಅನ್ನುವುದನ್ನೂ ಹೊಡೆದು ಹಾಕಿ. ಸೀರೆ ಉಟ್ಟವರು ಸೀರೆ ಉಟ್ಟಿದ್ದಾರೆ. ವೇಷ ಬಯಲಾಟದವರದ್ದು.

ಇನ್ನು ಬೈಗುಳಗಳಿಗೆ ಬರೋಣ. ಅವು ಎಲ್ಲಿಂದ ಬಂದವು ಅಂತ ಗೊತ್ತಿದ್ದರೆ ತಿದ್ದುವಾಗ ಕೈ ನಡುಗುವುದಿಲ್ಲ. "ಖೋಜಾ" ಪರ್ಷಿಯನ್ನಿನ ಖ್ವಾಜಾದಿಂದ ಬಂದದ್ದು. ಖ್ವಾಜಾ ಅಂದರೆ ಒಡೆಯ. ಸುಲ್ತಾನರ ಅರಮನೆಯಲ್ಲಿ ಅಂತಃಪುರ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿಗಳನ್ನು ಮರ್ಯಾದೆಯಿಂದ ಹಾಗೆ ಕರೆಯುತ್ತಿದ್ದರು. ಮರ್ಯಾದೆಯ ಮಾತು ಬೀದಿಗೆ ಬಂದು ಬೈಗುಳವಾಯಿತು. "ಚಕ್ಕಾ" ಹಿಂದಿಯ ಆರು, "ಒಂಬತ್ತು" ನಮ್ಮದೇ ಒಂಬತ್ತು. ಹೆಸರು ಕಿತ್ತು ನಂಬರ್ ಕೊಡುವುದು, ಅಷ್ಟೇ.

"ಶಿಖಂಡಿ"ಯದ್ದು ತಮಾಷೆ. ಎದುರಾಳಿ ಹೇಡಿ ಅನ್ನಬೇಕಾದಾಗ ರಾಜಕಾರಣಿಗಳ ಬಾಯಿಗೆ ಮೊದಲು ಬರುವ ಪದ ಇದು. ಮಹಾಭಾರತದ ಶಿಖಂಡಿ ಹೆಣ್ಣಾಗಿ ಹುಟ್ಟಿ, ಯಕ್ಷನೊಬ್ಬನಿಂದ ಗಂಡುತನ ಪಡೆದವನು. ಭೀಷ್ಮನ ಎದುರು ನಿಂತ ಯೋಧ. ಹೇಡಿಯೂ ಅಲ್ಲ, ಟ್ರಾನ್ಸ್ ಮಹಿಳೆಯೂ ಅಲ್ಲ. ಬೈಯುವವರಿಗೆ ಕಥೆಯೇ ಗೊತ್ತಿಲ್ಲ.

"ಹಿಜಡಾ" ಬೇರೆ ಲೆಕ್ಕ. ಅದು ಗುರು–ಚೇಲಾ ಸಂಬಂಧ ಇರುವ ಒಂದು ಸಮುದಾಯದ ಹೆಸರೂ ಹೌದು. ಅವರು ತಮ್ಮ ಬಾಯಲ್ಲಿ ಹೇಳಿಕೊಂಡರೆ ಹಾಗೇ ಬಿಡಿ. ನೀವಾಗಿ ಅಂಟಿಸಬೇಡಿ. "ಜೋಗತಿ" ಎಲ್ಲಮ್ಮನಿಗೆ, ಹುಲಿಗೆಮ್ಮನಿಗೆ ಮುತ್ತು ಕಟ್ಟಿಸಿಕೊಂಡು ದೇವಿಯ ಸೇವೆಗೆ ನಿಂತವರಿಗೆ ಮಾತ್ರ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವರನ್ನು ಜೋಗತಿ ಅಂದರೆ ಅದು ಸುಳ್ಳು ಸುದ್ದಿ. "ಮಂಗಳಮುಖಿ" ಕೆಲವರಿಗೆ ಇಷ್ಟ. ನಾವೇನು ಹರಸುವುದಕ್ಕೇ ಹುಟ್ಟಿದವರಾ ಅಂತ ಕೇಳುವವರೂ ಇದ್ದಾರೆ. ಒಬ್ಬರ ಬಗ್ಗೆ ಬರೆಯುವಾಗ ನಾನು "ಟ್ರಾನ್ಸ್ ಮಹಿಳೆ" ಹಾಕುತ್ತೇನೆ, ಸರ್ಕಾರದ ಯೋಜನೆಯ ಸುದ್ದಿಗೆ "ಲಿಂಗತ್ವ ಅಲ್ಪಸಂಖ್ಯಾತರು".

ಮರೆಯಬಾರದ್ದು ಅಕ್ಕಪಕ್ಕದ ಪದ. "ಟೋಲ್ ಬಳಿ ಮಂಗಳಮುಖಿಯರ ಹಾವಳಿ." ಹಾವಳಿ ಮಾಡುವುದು ಕೋತಿ, ಕಾಡಾನೆ, ಬೀದಿನಾಯಿ. "ಹಣಕ್ಕಾಗಿ ಒತ್ತಾಯ: ಇಬ್ಬರ ವಿರುದ್ಧ ದೂರು" ಅಂದರೆ ಸುದ್ದಿಯಲ್ಲಿ ಏನೂ ಕಮ್ಮಿ ಆಗುವುದಿಲ್ಲ. ಮರಿಯಮ್ಮನಹಳ್ಳಿ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿನ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಡೆಸ್ಕಿನಲ್ಲಿ ಯಾರಿಗೂ ಗೊಂದಲ ಆಗಲಿಲ್ಲ. "ಸ್ವೀಕರಿಸಿದರು" ಅಂತ ತಾನಾಗೇ ಬಂತು. ಟೋಲ್ ಸುದ್ದಿಗೆ ಮಾತ್ರ ಅದೇ ಬೆರಳು "ಹಾವಳಿ" ಟೈಪ್ ಮಾಡುತ್ತದೆ.

ಈ ಹಾವಳಿ ಭಾಷೆ ಜಾಸ್ತಿ ಬರುವುದು ಪೊಲೀಸ್ ಪ್ರಕಟಣೆಯಿಂದ. ಅದಕ್ಕೆ ಹಳೆಯ ಬೇರಿದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಜೊತೆಗೆ ಹಿಜಡಾ ಸಮುದಾಯದವರ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆಸುವ ಕಾಯ್ದೆ ತಂದರು. ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. 1919ರಲ್ಲಿ ಹೈದರಾಬಾದಿನ ನಿಜಾಮರದ್ದೂ ಅಂಥದ್ದೇ ಕಾನೂನು ಬಂತು. ಹುಲಿಗಿ ಇರುವ ಕೊಪ್ಪಳ ಸೀಮೆ ಆಗ ಅವರ ಆಳ್ವಿಕೆಯಲ್ಲೇ ಇತ್ತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರಲ್ಲಿ. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೂ 2011ರಲ್ಲಿ ಅದೇ ಥರದ ರಿಜಿಸ್ಟರಿನ ಸೆಕ್ಷನ್, 36ಎ, ಸೇರಿತು. ಸಮುದಾಯದವರು ಕೋರ್ಟಿಗೆ ಹೋದ ಮೇಲೆ ಅದರಲ್ಲಿದ್ದ "ಯೂನಕ್" (ನಪುಂಸಕ) ಅನ್ನುವ ಹಳೆಯ ಇಂಗ್ಲಿಷ್ ಪದ ತೆಗೆದು "ವ್ಯಕ್ತಿಗಳು" ಅಂತ ಮಾಡಿದರು. ಪ್ರಕಟಣೆಯನ್ನು ಹಾಗೇ ಇಳಿಸಿದರೆ ಆ 1871ರ ರಿಜಿಸ್ಟರನ್ನೇ ಅಚ್ಚು ಹಾಕಿದ ಹಾಗಾಗುತ್ತದೆ.

ಬೈಗುಳವೇ ಸುದ್ದಿಯಾದರೆ? ಭಾಷಣದಲ್ಲಿ ಯಾರೋ ಅಂದರು, ದೂರು ದಾಖಲಾಯಿತು ಅಂದುಕೊಳ್ಳಿ. ಒಳಗೆ ಒಂದೇ ಸಲ, ಉದ್ಧರಣ ಚಿಹ್ನೆಯಲ್ಲಿ, ಯಾರು ಅಂದರು ಅಂತ ಹೇಳಿ ಬರೆಯಿರಿ. ಶೀರ್ಷಿಕೆಗೆ ಬೇಡ. ಅರ್ಧ ಅಕ್ಷರ ಬರೆದು ಚುಕ್ಕಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಓದುವವರು ಸುಮ್ನೆ ಚುಕ್ಕಿ ತುಂಬಿಸುತ್ತಾ ಕೂರುತ್ತಾರೆ.

ರಾತ್ರಿ ಹನ್ನೊಂದಕ್ಕೆ ಸುದ್ದಿ ಬಂತು, ಕೇಳೋಣ ಅಂದರೆ ಯಾರೂ ಫೋನಿಗೆ ಸಿಗುತ್ತಿಲ್ಲ, ಪುಟ ಹೋಗಬೇಕು. ಆಗ "ಅವರು" ಹಾಕಿ. ಗಂಡಿಗೂ ಹೆಣ್ಣಿಗೂ ಹೊಂದುವ ಗೌರವದ ಪದ ಕನ್ನಡದಲ್ಲಿ ಇದ್ದೇ ಇದೆ. ಬಂದರು, ಹೇಳಿದರು, ತೀರಿಕೊಂಡರು.